ಸ್ವಂತ ಜಾಲತಾಣದವರ ಕೂಟ: ನಾಗಪುರದಲ್ಲಿ ಶುರುಮಾಡುವ ಬಗೆ

ನಾಗಪುರಕ್ಕೆ ಕನ್ನಡಿಗರನ್ನು ಕರೆತರುವ ಕೆಲಸಗಳು ಹಲವು. ಮಧ್ಯ ರೈಲ್ವೆಗೂ ಆಗ್ನೇಯ ಮಧ್ಯ ರೈಲ್ವೆಗೂ ಇಲ್ಲಿ ವಿಭಾಗೀಯ ಕಚೇರಿಗಳಿವೆ. ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಕೇಂದ್ರ ಕಚೇರಿ, ಪರಿಸರ ಸಂಶೋಧನೆಯ ನೀರಿ, ವಾಯುಪಡೆಯ ಮೇಂಟೆನೆನ್ಸ್ ಕಮಾಂಡ್, ಏಮ್ಸ್, ವಿಎನ್‌ಐಟಿ, ಊರಾಚೆ ಮಿಹಾನ್‌ನಲ್ಲಿರುವ ಸಾಫ್ಟ್‌ವೇರ್ ಕಂಪನಿಗಳು ಎಲ್ಲವೂ ಇವೆ. ಹೀಗೆ ಬಂದು ನೆಲೆಸಿದವರಲ್ಲಿ ಕಥೆ ಬರೆಯುವವರು, ಅಂಬಾಝರಿ ಕೆರೆಯ ಹಕ್ಕಿಗಳ ಫೋಟೊ ತೆಗೆಯುವವರು, ಅಜ್ಜಿಯ ಕಾಲದ ಅಡುಗೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು, ಮಕ್ಕಳಿಗೆ ಗಣಿತದ ಟಿಪ್ಪಣಿ ಮಾಡಿಕೊಡುವ ಮೇಷ್ಟ್ರುಗಳು ಇರುತ್ತಾರೆ. ಅವರು ಮಾಡಿದ್ದೆಲ್ಲ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ 24 ಗಂಟೆ ಇದ್ದು ಮಾಯವಾಗುತ್ತದೆ. ಇಲ್ಲವೇ ಫೇಸ್‌ಬುಕ್ಕಿನಲ್ಲಿ ಕೆಳಕ್ಕೆ ಸರಿಯುತ್ತ ಹೋಗಿ, ಆರು ತಿಂಗಳಲ್ಲಿ ಬರೆದವರ ಕೈಗೇ ಸಿಗದಂತಾಗುತ್ತದೆ.

ಇಂಥವರಿಗೆಲ್ಲ ಸ್ವಂತ ಜಾಲತಾಣ ಇರಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರ ಕೊನೆಗೆ. ಆರ್ಕುಟ್‌ನ ಕನ್ನಡ ಬಳಗಗಳಲ್ಲಿ ರಾತ್ರಿಯಿಡೀ ನಡೆದ ಚರ್ಚೆಗಳನ್ನು ಇವತ್ತು ಓದುತ್ತೇನೆಂದರೆ ಸಿಗುವುದಿಲ್ಲ. ಆದರೆ ಯು.ಬಿ. ಪವನಜ ಅವರು 1996ರಲ್ಲಿ ಶುರುಮಾಡಿದ ವಿಶ್ವಕನ್ನಡವಾಗಲಿ, ಟಿ.ಜಿ. ಶ್ರೀನಿಧಿ 2007ರಲ್ಲಿ ಆರಂಭಿಸಿದ ಇಜ್ಞಾನವಾಗಲಿ ತಮ್ಮದೇ ವಿಳಾಸದಲ್ಲಿ ನಿಂತ ತಾಣಗಳು. ಯಾವುದೋ ಕಂಪನಿ ತನ್ನ ಲೆಕ್ಕಾಚಾರಕ್ಕೆ ಬಾಗಿಲು ಹಾಕಿಕೊಂಡ ದಿನ ಅವು ಜೊತೆಗೆ ಮುಳುಗಲಿಲ್ಲ.

ಜಾಲತಾಣ ಮಾಡುವುದು ಈಗ ಕಷ್ಟದ ಕೆಲಸವೂ ಅಲ್ಲ. ಕಷ್ಟವಿರುವುದು ಒಬ್ಬರೇ ಕೂತು ಅದನ್ನು ಮುಗಿಸುವುದರಲ್ಲಿ. ಉತ್ಸಾಹದಲ್ಲಿ ಹೆಸರು ಕೊಂಡು, ಬಣ್ಣ ಆರಿಸುತ್ತ ಎರಡು ರಾತ್ರಿ ಕಳೆದು, ‘ಶೀಘ್ರದಲ್ಲೇ ಬರಲಿದೆ’ ಎಂದು ಒಂದು ಪುಟ ಹಾಕಿ ಅಲ್ಲಿಗೇ ಬಿಟ್ಟವರು ಲೆಕ್ಕವಿಲ್ಲದಷ್ಟು. ಪಾಠ ಹೇಳುವ ವಿಡಿಯೊಗಳು ಸಾವಿರಾರಿವೆ, ಕೊರತೆಯಿರುವುದು ಪಕ್ಕದಲ್ಲಿ ಕೂರುವವರದು. ಕೂಟದ ಮೊದಲ ಕೆಲಸ ಕಲಿಸುವುದಲ್ಲ, ಜೊತೆಗೆ ಕೂರುವುದು. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಹಿಂದೆ ಮಾಡಿದವರು

ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ 1975ರ ಮಾರ್ಚ್ 5ರಂದು ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರ್ ಶೆಡ್ಡಿನಲ್ಲಿ ಕಂಪ್ಯೂಟರ್ ಹುಚ್ಚಿನ ಕೆಲವರು ಸೇರಿದ್ದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಹುಟ್ಟಿದ್ದು ಹಾಗೆ. ಆ ಮೊದಲ ಸಭೆಗೆ ಬಂದಿದ್ದ ಸ್ಟೀವ್ ವೋಜ್ನಿಯಾಕ್ ತಾನು ಕಟ್ಟುತ್ತಿದ್ದ ಯಂತ್ರವನ್ನು ಮುಂದೆ ಇದೇ ಗೆಳೆಯರಿಗೆ ತೋರಿಸುತ್ತ ಹೋದರು. ಅದೇ ಆ್ಯಪಲ್ 1. ಪರಿಣತರ ಭಾಷಣ ಕೇಳಿ ಎದ್ದು ಹೋಗುವ ಸಭೆ ಅದಾಗಿರಲಿಲ್ಲ. ಮಾಡಿದ್ದನ್ನು ತಂದು ತೋರಿಸುವ, ಸಿಕ್ಕಿಹಾಕಿಕೊಂಡಿದ್ದನ್ನು ಕೇಳುವ ಜಾಗವಾಗಿತ್ತು.

ಅದರ ಹೆಸರನ್ನೇ ಎರವಲು ಪಡೆದು 2013ರ ನವೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹೋಮ್‌ಬ್ರೂ ವೆಬ್‌ಸೈಟ್ ಕ್ಲಬ್ ಶುರುವಾಯಿತು. 2011ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಸ್ವಂತ ತಾಣದವರ ಶಿಬಿರವಾದ ಇಂಡಿವೆಬ್‌ಕ್ಯಾಂಪನ್ನು ಮೊದಲ ಸಲ ನಡೆಸಿದ್ದ ಬಳಗದ್ದೇ ಈ ಹೆಜ್ಜೆ. ಎರಡು ವಾರಕ್ಕೊಮ್ಮೆ ಬುಧವಾರ ಸಂಜೆ ಸೇರುವುದು, ಮೊದಲ ಒಂದು ಗಂಟೆ ಮಾತಿಲ್ಲದೆ ತಮ್ಮ ತಮ್ಮ ತಾಣದ ಕೆಲಸ ಮಾಡುವುದು, ಆಮೇಲೆ ಒಬ್ಬೊಬ್ಬರಾಗಿ ತೋರಿಸುವುದು. ಇಷ್ಟೇ ಇದ್ದ ಈ ಕ್ರಮ ಊರಿಂದೂರಿಗೆ ಹಬ್ಬಿತು. ಬೆಂಗಳೂರಿನ ಇಂದಿರಾನಗರದಲ್ಲಿ ಅಂಡರ್‌ಲೈನ್ ಸೆಂಟರ್‌ನಲ್ಲಿ ಸೇರುತ್ತ ಬಂದಿರುವ ಇಂಡಿವೆಬ್‌ಕ್ಲಬ್ ಇದೇ ಕುಟುಂಬದ್ದು.

ಕನ್ನಡಕ್ಕೆ ಇದು ಹೊಸದೇನೂ ಅಲ್ಲ. ಬ್ಲಾಗುಗಳ ಉತ್ಸಾಹ ಏರುತ್ತಿದ್ದ ಹೊತ್ತಿನಲ್ಲಿ, 2008ರ ಮಾರ್ಚ್‌ನಲ್ಲಿ, ‘ಪ್ರಣತಿ’ ಎಂಬ ಗೆಳೆಯರ ತಂಡ ಬಸವನಗುಡಿಯಲ್ಲಿ ಕನ್ನಡ ಬ್ಲಾಗಿಗರನ್ನು ಒಂದೆಡೆ ಸೇರಿಸಿತ್ತು. ಪರದೆಯ ಮೇಲೆ ಮಾತ್ರ ಗೊತ್ತಿದ್ದ ಹೆಸರುಗಳು ಎದುರುಬದುರಾದವು. ನಾಗಪುರದಲ್ಲಿಯೂ 2017ರಲ್ಲಿ ವರ್ಡ್‌ಪ್ರೆಸ್ ಬಳಗದ ಸಮ್ಮೇಳನವಾದ ವರ್ಡ್‌ಕ್ಯಾಂಪ್ ನಡೆದಿದೆ. ವರ್ಡ್‌ಪ್ರೆಸ್ ಬಳಸುವವರು, ಕಟ್ಟುವವರು ಈ ಊರಲ್ಲಿ ಇದ್ದಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ವರ್ಷಕ್ಕೊಮ್ಮೆ ದೊಡ್ಡದಾಗಿ ಸೇರುವುದು ಬೇರೆ, ಹದಿನೈದು ದಿನಕ್ಕೊಮ್ಮೆ ಐದಾರು ಮಂದಿ ಸೇರುವುದು ಬೇರೆ. ದೊಡ್ಡ ಸಮ್ಮೇಳನದಿಂದ ಬರುವ ಹುರುಪು ಮನೆ ತಲುಪುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಈ ಲೇಖನ ಹೇಳಹೊರಟಿರುವುದು ಎರಡನೆಯದರ ಬಗ್ಗೆ. ಸೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಇರುವವರು ಊರಿನ ಹೆಸರು ಬದಲಿಸಿಕೊಂಡು ಓದಬಹುದು.

ಮೊದಲು ಇನ್ನೊಬ್ಬರು

ಪೋಸ್ಟರ್, ಲೋಗೊ, ಕೂಟಕ್ಕೊಂದು ಚೆಂದದ ಹೆಸರು ಇವೆಲ್ಲ ಆಮೇಲೆ. ಮೊದಲು ಬೇಕಾದದ್ದು ನಿಮ್ಮನ್ನು ಬಿಟ್ಟು ಇನ್ನೊಬ್ಬರು. ಬೇರೆ ಯಾರೂ ಬರದ ಸಂಜೆಯಲ್ಲೂ ‘ನಾವಿಬ್ಬರು ಕೂತೇ ಕೂರುತ್ತೇವೆ’ ಎಂದು ಮಾತು ಕೊಡುವ ಒಬ್ಬರು ಸಿಕ್ಕರೆ ಕೂಟ ಶುರುವಾದಂತೆಯೇ. ಒಬ್ಬರೇ ಹೊತ್ತುಕೊಂಡದ್ದು ಮೂರನೆಯ ಸಲ ಜ್ವರ ಬಂದಾಗಲೋ, ಊರಿಗೆ ಹೋದಾಗಲೋ ನಿಲ್ಲುತ್ತದೆ. ಒಮ್ಮೆ ನಿಂತದ್ದನ್ನು ಮತ್ತೆ ಎಬ್ಬಿಸುವುದು ಹೊಸದಾಗಿ ಶುರುಮಾಡುವುದಕ್ಕಿಂತ ಕಷ್ಟ.

ಆ ಇನ್ನೊಬ್ಬರನ್ನು ಹುಡುಕುವುದು ಎಲ್ಲಿ? ಕಂಪ್ಯೂಟರ್ ಗೊತ್ತಿರುವವರಲ್ಲೇ ಹುಡುಕಬೇಕಿಲ್ಲ. ಹೇಳಲು ಏನಾದರೂ ಇರುವವರಲ್ಲಿ ಹುಡುಕಿ. ಊರಿನ ಕನ್ನಡ ಬಳಗದಲ್ಲಿ ರಾಜ್ಯೋತ್ಸವದ ಸಂಚಿಕೆಗೆ ತಪ್ಪದೆ ಬರೆಯುವವರು, ಬೆಳಿಗ್ಗೆ ಫುಟಾಳಾ ಕೆರೆಯತ್ತ ಕ್ಯಾಮೆರಾ ಹಿಡಿದು ಹೋಗುವವರು, ವಿಎನ್‌ಐಟಿಯಲ್ಲೋ ಟ್ರಿಪಲ್ ಐಟಿಯಲ್ಲೋ ಓದುತ್ತಿರುವ ಹುಡುಗ ಹುಡುಗಿಯರು, ನಿವೃತ್ತರಾಗಿ ಆತ್ಮಕಥೆ ಬರೆಯಬೇಕೆಂದುಕೊಂಡಿರುವ ರೈಲ್ವೆಯ ಹಿರಿಯರು. ಮರಾಠಿ ಲೇಖಕರ ಜೊತೆಗೂ ಮಾತಾಡಿ. 1923ರಲ್ಲಿ ಸ್ಥಾಪನೆಯಾದ ವಿದರ್ಭ ಸಾಹಿತ್ಯ ಸಂಘದ ನೆಲೆ ಸೀತಾಬರ್ಡಿಯ ಝಾನ್ಸಿ ರಾಣಿ ಚೌಕದಲ್ಲಿದೆ. ಅಲ್ಲಿಗೆ ಬಂದು ಹೋಗುವವರಲ್ಲಿ ತಾಣ ಬೇಕೆನ್ನುವವರು ಸಿಗದೆ ಇರಲಾರರು.

ಕರೆಯುವಾಗ ‘ವೆಬ್ ಡಿಸೈನ್ ಕಲಿಯೋಣ ಬನ್ನಿ’ ಎನ್ನಬೇಡಿ. ಹಾಗೆಂದರೆ ಕೆಲಸ ಹುಡುಕುತ್ತಿರುವವರು ಕೋರ್ಸೆಂದುಕೊಂಡು ಬರುತ್ತಾರೆ, ಕೋರ್ಸು ಕಾಣದೆ ಹೋಗುತ್ತಾರೆ. ‘ನಿಮ್ಮ ಬರಹಗಳಿಗೆ ನಿಮ್ಮದೇ ಒಂದು ವಿಳಾಸ ಮಾಡಿಕೊಳ್ಳೋಣ, ಎರಡು ಗಂಟೆ ಜೊತೆಗೆ ಕೂರೋಣ’ ಎನ್ನಿ. ಬರಬೇಕಾದವರಿಗೆ ಅರ್ಥವಾಗುತ್ತದೆ.

ಜಾಗ, ದಿನ, ಹೊತ್ತು

ಜಾಗದ ವಿಷಯದಲ್ಲಿ ನಾಗಪುರಕ್ಕೊಂದು ಅನುಕೂಲವಿದೆ. ಮೆಟ್ರೊದ ಎರಡು ಮಾರ್ಗಗಳು ಸೀತಾಬರ್ಡಿಯಲ್ಲಿ ಕೂಡುತ್ತವೆ. ಖಾಪ್ರಿಯಿಂದ ಆಟೊಮೋಟಿವ್ ಚೌಕಕ್ಕೆ ಹೋಗುವ ಆರೆಂಜ್ ಲೈನ್ ಮಿಹಾನ್ ಕಡೆಯವರನ್ನು ತರುತ್ತದೆ, ಪ್ರಜಾಪತಿ ನಗರದಿಂದ ಲೋಕಮಾನ್ಯ ನಗರಕ್ಕೆ ಹೋಗುವ ಆಕ್ವಾ ಲೈನ್ ಪೂರ್ವ ಪಶ್ಚಿಮದವರನ್ನು. ಹಾಗಾಗಿ ಸೀತಾಬರ್ಡಿ ನಿಲ್ದಾಣದಿಂದ ನಡೆದು ತಲುಪುವ ದೂರದಲ್ಲಿ ಒಂದು ಮೇಜು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಯಾರದೋ ಮನೆಯ ಹಜಾರ ಮೊದಲ ಒಂದೆರಡು ಸಲಕ್ಕೆ ಸರಿ. ಆದರೆ ಗುರುತಿಲ್ಲದವರ ಮನೆಗೆ ಹೊಸಬರು, ಅದರಲ್ಲೂ ಹೆಣ್ಣುಮಕ್ಕಳು, ಬರಲು ಹಿಂಜರಿಯುವುದು ಸಹಜ. ಗ್ರಂಥಾಲಯದ ಕೋಣೆ, ಕಾಲೇಜಿನ ತರಗತಿ, ಕೋ ವರ್ಕಿಂಗ್ ಜಾಗ, ಶಾಂತವಾದ ಕೆಫೆ ಯಾವುದಾದರೂ ಆದೀತು. ಕೆಫೆಯಾದರೆ ಮಾಲೀಕರಿಗೆ ಮುಂಚೆಯೇ ಹೇಳಿ, ಆರು ಜನ ಎರಡು ಗಂಟೆ ಕೂರುತ್ತೇವೆ, ತಲೆಗೊಂದು ಚಹಾ ತಿಂಡಿ ತಗೊಳ್ಳುತ್ತೇವೆ ಎಂದು. ಕಾಲೇಜಾದರೆ ಹೊರಗಿನವರನ್ನು ಗೇಟಿನಲ್ಲಿ ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ.

ನೋಡಬೇಕಾದದ್ದು ಮೂರು: ಪ್ಲಗ್ ಪಾಯಿಂಟು, ಗದ್ದಲ, ಹತ್ತಿರದಲ್ಲಿ ಶೌಚಾಲಯ. ವೈಫೈ ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ನಡೆಯುತ್ತದೆ, ಕರೆಂಟಿಲ್ಲದೆ ನಡೆಯುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡೊಂದನ್ನು ನೀವೇ ಚೀಲದಲ್ಲಿ ಇಟ್ಟುಕೊಂಡು ಹೋಗಿ.

ದಿನವನ್ನು ಒಮ್ಮೆ ನಿಗದಿ ಮಾಡಿದರೆ ಆಯಿತು. ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಸಂಜೆ ಐದರಿಂದ ಏಳು ಎಂದರೆ, ಬೇಸಿಗೆ ಬಿಟ್ಟು, ವರ್ಷಪೂರ್ತಿ ಅದೇ. ‘ಈ ವಾರ ಯಾರಿಗೆ ಯಾವ ದಿನ ಅನುಕೂಲ?’ ಎಂದು ಗುಂಪಿನಲ್ಲಿ ಕೇಳುವ ಅಭ್ಯಾಸಕ್ಕೆ ಬಿದ್ದರೆ ಕೂಟ ಮುಗಿದಂತೆ. ಓಣಿಯ ಗುಡಿಯಲ್ಲಿ ಶನಿವಾರದ ಭಜನೆ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲವಲ್ಲ, ಹೊತ್ತಾದರೆ ಹೋಗಿ ಕೂರುತ್ತಾರೆ. ನಿಮ್ಮ ಕೂಟಕ್ಕೂ ಆ ನಂಬಿಕೆ ಬರಬೇಕು. ಒಂದು ತಿಂಗಳು ಬಿಟ್ಟು ಬಂದವರಿಗೂ ಕೇಳದೆಯೇ ಗೊತ್ತಿರಬೇಕು, ಇವತ್ತು ಮೂರನೆಯ ಶನಿವಾರ, ಅವರು ಅಲ್ಲಿರುತ್ತಾರೆ ಎಂದು.

ಊರಿನ ಕ್ಯಾಲೆಂಡರನ್ನೂ ನೋಡಿಕೊಳ್ಳಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 45 ಡಿಗ್ರಿ ದಾಟುವುದುಂಟು. ಆಗ ಸಂಜೆ ಐದಕ್ಕೆ ಯಾರೂ ಹೊರಬೀಳುವುದಿಲ್ಲ. ಬೇಸಿಗೆಯ ಎರಡು ತಿಂಗಳು ಬೆಳಿಗ್ಗೆ ಎಂಟಕ್ಕೆ ಬದಲಿಸಿ, ಹಾಗೆ ಬದಲಿಸುವುದನ್ನು ಮಾರ್ಚ್‌ನಲ್ಲೇ ಸಾರಿಬಿಡಿ. ಬೆಳಗಿನ ಕೂಟಕ್ಕೆ ತರ್ರಿ ಪೋಹೆಯ ಆಸೆಯೂ ಜನರನ್ನು ಎಬ್ಬಿಸುತ್ತದೆ. ದಸರೆಯ ಹೊತ್ತಿಗೆ ದೀಕ್ಷಾಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. ಡಿಸೆಂಬರ್‌ನಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆಯುವಾಗ ಸಿವಿಲ್ ಲೈನ್ಸ್ ಸುತ್ತ ಬ್ಯಾರಿಕೇಡುಗಳಿರುತ್ತವೆ. ಆ ವಾರಗಳಲ್ಲಿ ಜಾಗ ಬದಲಿಸಬೇಕಾದರೆ ಬದಲಿಸಿ, ದಿನ ಬದಲಿಸಬೇಡಿ.

ಆ ಎರಡು ಗಂಟೆ

ಮೊದಲ ಹತ್ತು ನಿಮಿಷ ಪರಿಚಯ. ಹೆಸರು, ಇವತ್ತು ಏನು ಮಾಡಬೇಕೆಂದು ಬಂದಿದ್ದೀರಿ, ಇಷ್ಟೇ. ಹುದ್ದೆ, ಕಂಪನಿ, ಎಷ್ಟು ವರ್ಷದ ಅನುಭವ ಎಂಬುದೆಲ್ಲ ಬೇಡ. ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿದ್ದವರು ಬಾಯಿಬಿಟ್ಟ ಕೂಡಲೇ ಹೊಸಬರು ಮುದುಡಿಕೊಳ್ಳುತ್ತಾರೆ. ‘ಹಕ್ಕಿ ಫೋಟೊಗಳಿಗೆ ಒಂದು ಪುಟ ಮಾಡಬೇಕು’, ‘ಅಪ್ಪನ ಬಗ್ಗೆ ಬರೆದದ್ದನ್ನು ಇವತ್ತಾದರೂ ಹಾಕಬೇಕು’ ಎಂಬಂಥ ಸಣ್ಣ ಗುರಿಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುವುದರಿಂದಲೇ ಅರ್ಧ ಬಲ ಬರುತ್ತದೆ.

ಆಮೇಲೆ ಒಂದು ಗಂಟೆ ಮೌನವಾಗಿ ಕೆಲಸ. ಇದನ್ನು ಬಿಡಬೇಡಿ. ನಮ್ಮಲ್ಲಿ ನಾಲ್ಕು ಜನ ಸೇರಿದರೆ ಮಾತು ತಾನಾಗಿ ಹೊರಡುತ್ತದೆ, ಮಾತಿನ ಸುಖದಲ್ಲಿ ಹೊತ್ತು ಹೋಗುತ್ತದೆ, ಮನೆಗೆ ಹೋಗುವಾಗ ತಾಣ ಇದ್ದಲ್ಲೇ ಇರುತ್ತದೆ. ಆ ಒಂದು ಗಂಟೆ ಕೀಲಿಮಣೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲದಿದ್ದರೆ, ಮನೆಯಲ್ಲಿ ಹದಿನೈದು ದಿನದಲ್ಲಿ ಆಗದ್ದು ಅಲ್ಲಿ ಆಗುತ್ತದೆ. ಯಾರಾದರೂ ಎಡವಿದರೆ ಪಕ್ಕದವರನ್ನು ಮೆಲ್ಲಗೆ ಕೇಳಬಹುದು. ಪಕ್ಕದವರಿಗೆ ಒಂದು ನಿಯಮವಿದೆ: ಕೀಲಿಮಣೆ ಅವರದೇ ಕೈಯಲ್ಲಿರಬೇಕು. ‘ಕೊಡಿ ಇಲ್ಲಿ, ನಾನು ಮಾಡಿಕೊಡ್ತೀನಿ’ ಎಂದು ಲ್ಯಾಪ್‌ಟಾಪ್ ಎಳೆದುಕೊಂಡರೆ ತಾಣವೇನೋ ಆಗುತ್ತದೆ, ತಾಣದ ಒಡೆಯರು ಮಾತ್ರ ಆಗುವುದಿಲ್ಲ. ಮುಂದಿನ ತಿಂಗಳು ಒಂದು ಅಕ್ಷರ ತಿದ್ದಬೇಕಾದರೂ ಅವರು ನಿಮಗೇ ಫೋನ್ ಮಾಡುತ್ತಾರೆ.

ಕೊನೆಯ ಐವತ್ತು ನಿಮಿಷ ತೋರಿಸುವ ಹೊತ್ತು. ಒಬ್ಬೊಬ್ಬರಿಗೆ ಐದು ನಿಮಿಷ. ಪ್ರೊಜೆಕ್ಟರ್ ಬೇಡ, ಲ್ಯಾಪ್‌ಟಾಪನ್ನು ತಿರುಗಿಸಿದರೆ ಸಾಕು. ಅರ್ಧ ಆದದ್ದನ್ನೇ ತೋರಿಸಲಿ. ಏನೂ ಆಗದಿದ್ದರೆ ಎಲ್ಲಿ ಸಿಕ್ಕಿಕೊಂಡೆ ಎಂದು ಹೇಳಲಿ. ನೋಡಿದವರು ಮೊದಲು ಕೇಳಬೇಕಾದ್ದು ‘ಇದರಲ್ಲಿ ಏನು ಬರೀತೀರಿ?’ ಎಂದು. ‘ಈ ಬಣ್ಣ ಯಾಕೆ?’ ಎಂಬ ಪ್ರಶ್ನೆಗೆ ಅವರಾಗಿ ಕೇಳಿಕೊಂಡಾಗ ಮಾತ್ರ ಜಾಗ.

ಭಾಷಣ ಬೇಕೇ? ಶುರುವಿನ ಆರು ತಿಂಗಳು ಬೇಡ ಎನ್ನುತ್ತೇನೆ. ಭಾಷಣಕಾರರನ್ನು ಕರೆದರೆ ಬರುವವರು ಶ್ರೋತೃಗಳಾಗುತ್ತಾರೆ. ಭಾಷಣಕಾರರು ಸಿಗದ ವಾರ ಕೂಟವೇ ರದ್ದಾಗುತ್ತದೆ.

ಮೊದಲ ಸಂಜೆಯ ಮೊದಲ ಪುಟ

ಹೊಸಬರು ಮೊದಲ ದಿನವೇ ಒಂದು ಪುಟವನ್ನು ಜಗತ್ತಿಗೆ ಕಾಣಿಸಿ ಮನೆಗೆ ಹೋಗಬೇಕು, ಅದು ಎಷ್ಟೇ ಸಾದಾ ಇರಲಿ. ಲ್ಯಾಪ್‌ಟಾಪ್ ತಂದವರು ನೋಟ್‌ಪ್ಯಾಡಿನಲ್ಲಿ ಶೀರ್ಷಿಕೆ, ಎರಡು ಪ್ಯಾರಾ, ಒಂದು ಚಿತ್ರ, ಒಂದು ಲಿಂಕ್ ಇರುವ ಎಚ್‌ಟಿಎಂಎಲ್ ಪುಟ ಬರೆಯಲಿ. 2013ರಲ್ಲಿ ಶುರುವಾದ ನಿಯೋಸಿಟೀಸ್‌ನಲ್ಲಿ ಖಾತೆ ತೆರೆದು ಬ್ರೌಸರಿನಿಂದಲೇ ಅದನ್ನು ಏರಿಸಬಹುದು, ಹಣ ಕೊಡಬೇಕಿಲ್ಲ. ಪ್ರೋಗ್ರಾಮಿಂಗ್ ಗೊತ್ತಿರುವ ವಿದ್ಯಾರ್ಥಿಗಳು ಗಿಟ್‌ಹಬ್ ಪೇಜಸ್ ಮತ್ತು ಹ್ಯೂಗೊ, ಇಲೆವೆಂಟಿ ಥರದ ಸಲಕರಣೆಗಳತ್ತ ಹೋಗುತ್ತಾರೆ, ಹೋಗಲಿ. ಫೋನ್ ಮಾತ್ರ ಇರುವವರಿಗೆ ವರ್ಡ್‌ಪ್ರೆಸ್ ಡಾಟ್ ಕಾಮ್, ಬೇರ್ ಬ್ಲಾಗ್, ಬ್ಲಾಗರ್ ಇವೆ. ಯಾವುದು ಶ್ರೇಷ್ಠ ಎಂಬ ವಾದಕ್ಕೆ ಕೂಟದಲ್ಲಿ ಅವಕಾಶ ಕೊಡಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ನಾಳೆ ಇಲ್ಲಿಂದ ಹೊರಡಬೇಕೆಂದರೆ ನನ್ನ ಬರಹ, ಚಿತ್ರಗಳನ್ನೆಲ್ಲ ಮೂಟೆ ಕಟ್ಟಿಕೊಂಡು ಹೋಗಬಹುದೇ? ಹೌದಾದರೆ ಸಾಕು.

ಏನು ಬರೆಯಬೇಕೆಂದು ತಿಳಿಯದವರಿಗೆ ನಾನು ಹೇಳುವುದು: ನಿಮಗೆ ಮಾತ್ರ ಗೊತ್ತಿರುವ ಒಂದನ್ನು ಬರೆಯಿರಿ. ಉದಾಹರಣೆಗೆ, ಕನ್ನಡ ಇತಿಹಾಸದ ಒಂದು ಎಳೆ ಇದೇ ನೆಲದಲ್ಲಿದೆ. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟ, 1906ರಲ್ಲಿ ಬಂದದ್ದು, ಆಗಿನ ಮಧ್ಯ ಪ್ರಾಂತ್ಯದ ಈ ಭಾಗದಲ್ಲಿ ದನಗಾಹಿಗಳ ಮನೆಮಾತಾಗಿದ್ದ ಗೋಲರಿ ಎಂಬುದನ್ನು ಕನ್ನಡದ ಉಪಭಾಷೆಗಳ ಜೊತೆ ದಾಖಲಿಸಿದೆ. ಅಂಥ ಮಾತಿನ ಹತ್ತು ಪದ, ಅದನ್ನಾಡುವ ಹಿರಿಯರೊಬ್ಬರ ಜೊತೆಗಿನ ಸಂಭಾಷಣೆ ಯಾರದಾದರೂ ತಾಣದಲ್ಲಿ ಸೇರಿದರೆ ಅದಕ್ಕೆ ಬೆಲೆ ಕಟ್ಟಲಾಗದು. ಯಾವ ಕಂಪನಿಯೂ ಅದನ್ನು ಮಾಡಿಕೊಡುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ

ಕೂಟದ ಆಡುಮಾತು ಹಿಂದಿ, ಮರಾಠಿ, ಕನ್ನಡ ಬೆರೆತದ್ದಾಗಿರುತ್ತದೆ, ಇರಲಿ. ತಾಣದ ಭಾಷೆ ಅವರವರ ಇಷ್ಟ. ಕನ್ನಡದ ತಾಣಗಳಿಗೆ ಮಾತ್ರ ಎದುರಾಗುವ ಕೆಲವು ತೊಡಕುಗಳಿವೆ. ಕೂಟದಲ್ಲಿ ಒಬ್ಬರಿಗೆ ಅವು ಗೊತ್ತಿದ್ದರೆ ಎಲ್ಲರ ಹೊತ್ತೂ ಉಳಿಯುತ್ತದೆ.

ಹಿರಿಯರು ಪೆನ್‌ಡ್ರೈವಿನಲ್ಲಿ ತರುವ ಹಳೆಯ ಬರಹಗಳು ಬಹಳ ಸಲ ಹಳೆಯ ನುಡಿಯಲ್ಲೋ ಶ್ರೀಲಿಪಿಯಲ್ಲೋ ಟೈಪಾದವು, ಯುನಿಕೋಡ್ ಅಲ್ಲ. ಅವನ್ನು ಹಾಗೇ ತಾಣಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಬಳಸಿ. ಬಳಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಕಣ್ಣಿಟ್ಟು ಓದಿ, ಪರಿವರ್ತಕಗಳು ತಪ್ಪುವುದು ಅಲ್ಲೇ. ಹೊಸದಾಗಿ ಟೈಪ್ ಮಾಡುವವರು ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯನ್ನೇ ಕಲಿಯಲಿ. ಎರಡು ಕೂಟಗಳಲ್ಲಿ ಕೈಗೆ ಬರುತ್ತದೆ. ಫೋನಿನಲ್ಲಾದರೆ ಮಾತಾಡಿ ಬರೆಸಿ, ಆಮೇಲೆ ತಿದ್ದಬಹುದು.

ಪುಟದ ಮೇಲ್ಭಾಗದಲ್ಲಿ ಯುಟಿಎಫ್-8 ಎಂದೂ, ಭಾಷೆಯ ಗುರುತಿಗೆ ‘ಕೆಎನ್’ ಎಂದೂ ಸೂಚಿಸಿ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಇದು ಕನ್ನಡ ಎಂದು ತಿಳಿಯುವುದು ಆ ಗುರುತಿನಿಂದ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅಕ್ಷರದ ಅಳತೆಯ 1.7ರಷ್ಟು ಅಂತರ ಕೊಟ್ಟರೆ ಓದಲು ಹಿತ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಉಚಿತವಾಗಿ ಸಿಗುತ್ತವೆ. ಬರಹದ ಶೀರ್ಷಿಕೆ ಕನ್ನಡದಲ್ಲೇ ಇರಲಿ. ಆದರೆ ಪುಟದ ವಿಳಾಸದ ಬಾಲವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದಲ್ಲಿಟ್ಟರೆ ವಾಟ್ಸ್‌ಆ್ಯಪಿಗೆ ಅಂಟಿಸಿದಾಗ ಶೇಕಡಾ ಚಿಹ್ನೆ, ಅಂಕಿಗಳ ಉದ್ದನೆಯ ಬಾಲವಾಗುತ್ತದೆ, ಜನ ಹೆದರಿ ಒತ್ತುವುದಿಲ್ಲ.

ಹೆಸರು, ಪಾಸ್‌ವರ್ಡ್, ನೌಕರಿ

ಎರಡು ಮೂರು ತಿಂಗಳು ಬಂದು ಬರೆಯುತ್ತಿರುವವರಿಗೆ ಸ್ವಂತ ಡೊಮೇನ್ ಹೆಸರು ಕೊಳ್ಳಲು ಹೇಳಿ, ಮೊದಲ ದಿನವೇ ಬೇಡ. ಡಾಟ್ ಇನ್ ಹೆಸರುಗಳು ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಚೀಚೆ ಸಿಗುತ್ತವೆ. ಮೊದಲ ವರ್ಷ ರಿಯಾಯಿತಿ ತೋರಿಸಿ ಎರಡನೆಯ ವರ್ಷ ಹೆಚ್ಚು ಕೇಳುವುದು ಮಾಮೂಲು, ನವೀಕರಣದ ದರ ನೋಡಿಯೇ ಕೊಳ್ಳಬೇಕು. ಕನ್ನಡ ಲಿಪಿಯ ಡಾಟ್ ಭಾರತ ಕೂಡ ಇದೆ. ಅದನ್ನು ಕೊಳ್ಳುವವರು ಜೊತೆಗೊಂದು ಇಂಗ್ಲಿಷ್ ಅಕ್ಷರದ ಹೆಸರನ್ನೂ ಇಟ್ಟುಕೊಂಡರೆ ವಿಳಾಸ ಹೇಳುವುದು ಸುಲಭ.

ಡೊಮೇನ್ ಯಾರದೋ ಅವರ ಹೆಸರಲ್ಲೇ, ಅವರ ಮೇಲ್ ವಿಳಾಸದಲ್ಲೇ, ಅವರ ದುಡ್ಡಲ್ಲೇ ನೋಂದಣಿಯಾಗಬೇಕು. ಸಹಾಯ ಮಾಡಿದ ಗೆಳೆಯರ ಖಾತೆಯಲ್ಲಿ ಕೊಳ್ಳುವುದು ಆಗ ಸುಲಭವೆನಿಸುತ್ತದೆ, ಗೆಳೆಯರು ಊರು ಬಿಟ್ಟ ಮೇಲೆ ತಾಪತ್ರಯ. ವರ್ಗಾವಣೆಯ ಊರಾದ್ದರಿಂದ ಇನ್ನೊಂದು ಎಚ್ಚರವೂ ಬೇಕು. ಸಿಮ್ ಬದಲಾದರೆ ಓಟಿಪಿ ಹಳೆಯ ನಂಬರಿಗೇ ಹೋಗುತ್ತಿರುತ್ತದೆ. ನಂಬರ್ ಬದಲಿಸುವ ಮುಂಚೆ ಡೊಮೇನ್ ಮತ್ತು ಮೇಲ್ ಖಾತೆಗಳಲ್ಲಿ ಹೊಸದನ್ನು ಕೊಡಬೇಕು. ಕಚೇರಿಯ ಮೇಲ್ ಬಳಸಲೇಬಾರದು.

ಇಲ್ಲಿ ಸರ್ಕಾರಿ ನೌಕರರು ಹೆಚ್ಚಾದ್ದರಿಂದ ಈ ಮಾತು ಹೇಳಬೇಕು. ಕೇಂದ್ರ ನೌಕರರಿಗೆ 1964ರ, ರೈಲ್ವೆಯವರಿಗೆ 1966ರ ನಡತೆ ನಿಯಮಗಳು ಅನ್ವಯಿಸುತ್ತವೆ. ಕಥೆ, ಪ್ರವಾಸ, ಅಡುಗೆ, ಹಕ್ಕಿ ಬಗ್ಗೆ ಬರೆಯಲು ಹೆದರಬೇಕಿಲ್ಲ. ಸರ್ಕಾರದ ಧೋರಣೆಯ ಟೀಕೆ, ಕಚೇರಿಯ ಕಾಗದಪತ್ರದ ಮಾಹಿತಿ ಇವೆರಡಕ್ಕೂ ನಿಯಮ ಅಡ್ಡ ಬರುತ್ತದೆ. ಜಾಹೀರಾತಿನಿಂದ ಹಣ ಗಳಿಸುವ ಯೋಚನೆಯಿದ್ದರೆ ಮೊದಲು ತಮ್ಮ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ. ‘ಇಲ್ಲಿನ ಅಭಿಪ್ರಾಯಗಳು ನನ್ನವು’ ಎಂಬ ಒಂದು ಸಾಲು ತಾಣದ ಪರಿಚಯ ಪುಟದಲ್ಲಿರಲಿ.

ಬಂದವರು ಮತ್ತೆ ಬರುವಂತೆ

ಕೂಟಕ್ಕೂ ಒಂದು ಪುಟ ಬೇಕು. ಅದರಲ್ಲಿ ಮುಂದಿನ ಕೂಟದ ದಿನಾಂಕ, ಜಾಗ, ಬರುವವರ ತಾಣಗಳ ಲಿಂಕುಗಳು. ಒಬ್ಬರ ತಾಣದಿಂದ ಇನ್ನೊಬ್ಬರದಕ್ಕೆ, ಅಲ್ಲಿಂದ ಮತ್ತೊಬ್ಬರದಕ್ಕೆ ಹೋಗುವ ವೆಬ್‌ರಿಂಗ್ ಎಂಬ ಹಳೆಯ ಏರ್ಪಾಡನ್ನೂ ಮಾಡಬಹುದು, ಹೊಸ ತಾಣಕ್ಕೆ ಮೊದಲ ಓದುಗರು ಸಿಗುವುದು ಹಾಗೆಯೇ. ತಾಣಗಳಲ್ಲಿ ಹೊಸ ಬರಹದ ಸುದ್ದಿ ತಾನಾಗಿ ಕಳಿಸುವ ಆರ್‌ಎಸ್‌ಎಸ್ ಫೀಡ್ ಇದ್ದರೆ ಯಾರು ಹೊಸದಾಗಿ ಏನು ಬರೆದರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಪ್ರತಿ ಕೂಟದ ಮರುದಿನ ಒಬ್ಬರದನ್ನು ಓದಿ ಎರಡು ಸಾಲು ಬರೆದು ಕಳಿಸುವ ಪದ್ಧತಿ ಇಟ್ಟುಕೊಳ್ಳಿ. ಯಾರೂ ಓದದೆ ಹೋದರೆ ಮೂರು ತಿಂಗಳಲ್ಲಿ ಎಂಥವರೂ ಬರೆಯುವುದನ್ನು ನಿಲ್ಲಿಸುತ್ತಾರೆ. ಒಬ್ಬ ಓದುಗರಿದ್ದರೆ ಮುಂದುವರಿಸುತ್ತಾರೆ.

ಸುದ್ದಿ ತಿಳಿಸಲು ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಇದು ಬೇಡವೆನ್ನುವ ಹೆಣ್ಣುಮಕ್ಕಳು ಹೇಳದೆಯೇ ದೂರವಾಗುತ್ತಾರೆ. ಚಾನೆಲ್ ಮಾಡಿದರೆ ನಂಬರುಗಳು ಬಯಲಾಗುವುದಿಲ್ಲ. ಕೇಳದೆ ಫೋಟೊ ತೆಗೆಯುವಂತಿಲ್ಲ, 18 ತುಂಬದವರು ಪಾಲಕರ ಒಪ್ಪಿಗೆಯಿಂದ ಬರಬೇಕು, ಯಾರ ಅರ್ಧಂಬರ್ಧ ತಾಣವನ್ನೂ ಗೇಲಿ ಮಾಡುವಂತಿಲ್ಲ, ಸೇವೆಗಳನ್ನು ಮಾರುವಂತಿಲ್ಲ. ಇಷ್ಟನ್ನು ಕೂಟದ ಪುಟದಲ್ಲಿ ಬರೆದಿಡಿ. ಕೊನೆಯದು ಮುಖ್ಯ. ‘ನಿಮಗೆ ಪೂರ್ತಿ ತಾಣ ಮಾಡಿಕೊಡ್ತೀವಿ, ಇಷ್ಟಾಗುತ್ತೆ’ ಎನ್ನುವವರು ಮೂರನೆಯ ಕೂಟಕ್ಕೇ ಬರುತ್ತಾರೆ. ಅವರನ್ನು ವಿನಯದಿಂದ, ಆದರೆ ಅದೇ ದಿನ, ತಡೆಯಬೇಕು.

ಹಣದ ಮಾತು ಚಿಕ್ಕದು: ಅವರವರ ಚಹಾ ಅವರವರದು, ಚಂದಾ ಬೇಡ. ನೋಂದಣಿಯೂ ಬೇಡ. 1860ರ ಸಂಘಗಳ ಕಾಯ್ದೆಯಡಿ ನೋಂದಾಯಿಸಲು ಕನಿಷ್ಠ ಏಳು ಜನ ಬೇಕು, ಮಹಾರಾಷ್ಟ್ರದಲ್ಲಾದರೆ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯ ಕಾಗದಪತ್ರವೂ ಸೇರುತ್ತದೆ. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂಬ ಪ್ರಶ್ನೆ ಎದ್ದ ಕಡೆ ಮೌನದ ಆ ಒಂದು ಗಂಟೆ ಉಳಿಯುವುದಿಲ್ಲ.

ಕೊನೆಗೆ ವರ್ಗಾವಣೆಯ ಯೋಚನೆ. ನಡೆಸುವವರಲ್ಲಿ ಒಬ್ಬರಿಗೆ ಆದೇಶ ಬಂದೇ ಬರುತ್ತದೆ. ಹಾಗಾಗಿ ಶುರುವಿನಿಂದಲೇ ಮೂರು ತಿಂಗಳಿಗೊಮ್ಮೆ ಹೊಸಬರೊಬ್ಬರು ಕೂಟ ನಡೆಸಲಿ. ಜಾಗದವರ ಜೊತೆ ಮಾತಾಡುವುದು, ಪರಿಚಯ ಶುರುಮಾಡುವುದು, ಗಡಿಯಾರ ನೋಡುವುದು ಅಷ್ಟೇ ಕೆಲಸ. ಕೂಟದ ಪುಟದ ಕೀಲಿ ಯಾವಾಗಲೂ ಇಬ್ಬರ ಬಳಿ ಇರಲಿ. ಹೊರಟವರು ಹೋದ ಊರಿನಲ್ಲಿ, ಅದು ಬಿಲಾಸ್ಪುರವಾಗಲಿ ಕಲಬುರಗಿಯಾಗಲಿ, ಇದೇ ಪುಟವನ್ನು ನಕಲು ಮಾಡಿಕೊಂಡು ಊರು, ಜಾಗ, ದಿನ ಬದಲಿಸಿ ಮೊದಲ ಶನಿವಾರವನ್ನು ಸಾರಬಹುದು. ಅವರ ತಾಣದ ಲಿಂಕು ನಾಗಪುರದ ಪಟ್ಟಿಯಲ್ಲಿ ಹಾಗೇ ಇರಲಿ, ಅವರದರಲ್ಲಿ ನಾಗಪುರದವರದು.